ನಲವತ್ತೊಂದನೆಯ ಉತ್ತರಪತ್ರಿಕೆ

"ಇದಕ್ಕೆ ಎರಡು ಅಂಕ ಕೊಟ್ಟವರು ನೀವೇನಾ?"

ಬೆಲ್ ಫಾಲ್ಸ್ ಹೈಸ್ಕೂಲಿನ ಲೈಬ್ರರಿಯ ಹಿಂದಿನ ಕೋಣೆಗೆ ಬಾಗಿಲು ತಟ್ಟದೆ ನುಗ್ಗಿದ ಮನುಷ್ಯ ಮೊದಲು ಆಡಿದ ಮಾತು ಅದು. ಹಲೋ ಇಲ್ಲ, ಹೆಸರು ಹೇಳಿದ್ದಿಲ್ಲ. ಕೈಯಲ್ಲೊಂದು ಉತ್ತರಪತ್ರಿಕೆ, ಅದರ ಮೂಲೆಯಲ್ಲಿ ನಲವತ್ತೊಂದು ಎಂಬ ಸಂಖ್ಯೆ.

ಕೊರೀನ್ ಹಾಲ್ವರ್ಸನ್ ಕನ್ನಡಕ ತೆಗೆದು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹನ್ನೊಂದು ವರ್ಷದಿಂದ ಇದೇ ಶಾಲೆಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವಳು ಅವಳು. ಅವಳ ಎದುರು ಯಾರೂ ಹೀಗೆ ದನಿಯೆತ್ತಿದ್ದಿಲ್ಲ.

"ಹೌದು, ನಾನೇ. ಆರು ಕೊಟ್ಟ ಪುಣ್ಯಾತ್ಮ ನೀವಿರಬೇಕು."

"ಆರಕ್ಕಿಂತ ಮೇಲೆ ಇದ್ದಿದ್ರೆ ಅದನ್ನೂ ಕೊಡ್ತಿದ್ದೆ."

ಅವನ ಹೆಸರು ಡೆಸ್ಮಂಡ್ ಪ್ರೂಯಿಟ್. ನಲವತ್ತು ಮೈಲಿ ಆಚೆಯ ಕ್ರೇನ್ ಲೇಕ್ ಶಾಲೆಯ ಮೇಷ್ಟ್ರು, ಈ ವರ್ಷದ ಎರಡನೇ ಪರೀಕ್ಷಕ. ಇಲ್ಲಿನ ಕ್ರಮವೇ ಹಾಗೆ. ಪ್ರತಿ ಮೇ ತಿಂಗಳು ಹನ್ನೊಂದನೇ ತರಗತಿಯ ಮಕ್ಕಳು 'ನದಿಯ ಕಾದಂಬರಿ'ಯ ಮೇಲೆ ಪ್ರಬಂಧ ಬರೆಯಬೇಕು. ಹೆಸರು ಮುಚ್ಚಿ ಸಂಖ್ಯೆ ಅಂಟಿಸುತ್ತಾರೆ. ತಮ್ಮ ಶಾಲೆಯವರೊಬ್ಬರು, ಹೊರಗಿನವರೊಬ್ಬರು, ಬೇರೆ ಬೇರೆಯಾಗಿ ಆರಕ್ಕೆ ಅಂಕ ಕೊಡುತ್ತಾರೆ. ಮೂರು ಬಂದರೆ ಪಾಸು. ಇಬ್ಬರ ಅಂಕದ ನಡುವೆ ಒಂದಕ್ಕಿಂತ ಹೆಚ್ಚು ಅಂತರ ಬಂದರೆ ಎದುರುಬದುರು ಕೂತು, ವಾದಿಸಿ, ಒಂದು ಅಂಕಕ್ಕೆ ಒಪ್ಪಿ ಇಬ್ಬರೂ ಸಹಿ ಹಾಕಬೇಕು. ಕೊನೆಯ ದಿನದ ಮಧ್ಯಾಹ್ನ ಹನ್ನೆರಡರೊಳಗೆ ಒಪ್ಪದಿದ್ದರೆ ಕಡಿಮೆ ಅಂಕವೇ ಗಟ್ಟಿ.

ಈ ಸಲ ಅರವತ್ತೆರಡರಲ್ಲಿ ಹತ್ತೊಂಬತ್ತು ಪತ್ರಿಕೆಗಳು ಹಾಗೆ ಜಗಳಕ್ಕೆ ಬಿದ್ದಿದ್ದವು. ನಲವತ್ತೊಂದರಷ್ಟು ದೊಡ್ಡ ಜಗಳ ಬೇರೆ ಯಾವುದೂ ಇರಲಿಲ್ಲ.

ಕಾದಂಬರಿ ಅಲ್ಲಿಯವರಿಗೆಲ್ಲ ಬಾಯಿಪಾಠ. ದೋಣಿಗಟ್ಟೆಯ ಹುಡುಗಿ ರೂತ್, ಚಿನ್ನ ಹುಡುಕಿಕೊಂಡು ಪಶ್ಚಿಮಕ್ಕೆ ಹೋಗುವ ಕೇಲೆಬ್. ಬಂದೇ ಬರುತ್ತೇನೆ ಎಂದು ಹೋದವನಿಗಾಗಿ ರೂತ್ ಇಪ್ಪತ್ತು ವರ್ಷ ಪ್ರತಿ ಸಂಜೆ ಕಟ್ಟೆಯ ಮೇಲೆ ಲಾಟೀನು ಹಚ್ಚುತ್ತಾಳೆ. ಅವನು ಬರುವುದಿಲ್ಲ. ಕೊನೆಯ ಪುಟದಲ್ಲೂ ಲಾಟೀನು ಉರಿಯುತ್ತಿರುತ್ತದೆ. ಅಂಕ ಕೊಡುವ ಮಾನದಂಡವನ್ನು ಬರೆದವಳು ಕೊರೀನ್. ಅದರ ಮೊದಲ ಸಾಲು ಹೀಗಿತ್ತು: 'ರೂತ್‌ಳ ಕಾಯುವಿಕೆ ಅಚಲ ಪ್ರೀತಿಯ ರೂಪ ಎಂಬುದನ್ನು ವಿದ್ಯಾರ್ಥಿ ಗ್ರಹಿಸಿದ್ದಾನೆಯೇ?'

ನಲವತ್ತೊಂದನೆಯ ಪತ್ರಿಕೆಯ ಮೊದಲ ಸಾಲು: 'ರೂತ್ ಯಾರಿಗಾಗಿಯೂ ಕಾಯುತ್ತಿರಲಿಲ್ಲ.'

ಕೊರೀನ್ ಆ ಪತ್ರಿಕೆಯನ್ನು ಕಟ್ಟಿನ ತಳಕ್ಕೆ ಸೇರಿಸಿದಳು. "ಇದನ್ನ ಕೊನೆಗೆ ನೋಡೋಣ" ಎಂದಳು.

ಅವನು ಕುರ್ಚಿ ಎಳೆದುಕೊಂಡು ಕೂತ. ಎಷ್ಟು ಸೊಕ್ಕು ಈ ಮನುಷ್ಯನಿಗೆ... ಎಂದುಕೊಂಡಳು ಅವಳು. ಬೇರೆಯವರ ಸೊಕ್ಕು ಅವಳಿಗೆ ಬೇಗ ಕಾಣುತ್ತಿತ್ತು.

---

ಎರಡು ವಾರ ಅವನು ಶಾಲೆ ಮುಗಿಸಿ ದಿನಾ ಮೂರೂವರೆಗೆ ಬಂದ. ದಿನಕ್ಕೆ ಎರಡು ಪತ್ರಿಕೆ, ಹೆಚ್ಚೆಂದರೆ ಮೂರು.

ಮೊದಮೊದಲು ಪ್ರತಿ ಅರ್ಧ ಅಂಕಕ್ಕೂ ಹಾವು ಮುಂಗುಸಿಯ ಹಾಗೆ ಕಚ್ಚಾಡಿದರು. ಏಳನೆಯ ಪತ್ರಿಕೆಯವನು ಪುಸ್ತಕ ಓದಿಲ್ಲ, ಹಿಂಬದಿಯ ರಕ್ಷಾಪುಟ ಓದಿ ಬರೆದಿದ್ದಾನೆ ಎಂದು ಅವಳು ಸಾಧಿಸಿ ತೋರಿಸಿದಾಗ ಅವನು ತಲೆ ಹಿಂದೆ ಹಾಕಿ ನಕ್ಕ. ಇಪ್ಪತ್ತಮೂರನೆಯದರಲ್ಲಿ ಕೇಲೆಬ್‌ನ ಕುದುರೆಯ ಬಗ್ಗೆ ಮೂರು ಪುಟ ಇತ್ತು, ಕಾದಂಬರಿಯಲ್ಲಿ ಕುದುರೆಯೇ ಇರಲಿಲ್ಲ. ಅವತ್ತು ಇಬ್ಬರೂ ಎಷ್ಟು ನಕ್ಕರೆಂದರೆ ಕಚೇರಿಯ ಬರ್ನಿಸ್ ಬಾಗಿಲಲ್ಲಿ ಇಣುಕಿ, ಇದು ಪರೀಕ್ಷೆಯೋ ಪಾರ್ಟಿಯೋ ಎಂದು ಕೇಳಿ ಹೋದಳು. ಬರ್ನಿಸ್ ಆ ಶಾಲೆಯಲ್ಲಿ ಮೂವತ್ತು ವರ್ಷದಿಂದ ಇದ್ದಳು. ಅವಳ ಕಣ್ಣು ತಪ್ಪಿಸಿ ಅಲ್ಲಿ ಒಂದು ಪೆನ್ಸಿಲೂ ಕಳೆದುಹೋಗುತ್ತಿರಲಿಲ್ಲ.

ಎರಡನೇ ವಾರ ಕೊರೀನ್ ಮನೆಯಿಂದ ರೂಬಾರ್ಬ್ ಕೇಕು ತಂದಳು. ಉಳಿದಿತ್ತು, ಹಾಳಾಗುತ್ತದೆ ಎಂದು ತಂದೆ ಎಂದಳು. ಅದನ್ನು ಆ ದಿನ ಬೆಳಿಗ್ಗೆ ಐದಕ್ಕೆ ಎದ್ದು ಮಾಡಿದ್ದಳು.

ಮೂರೂಕಾಲಕ್ಕೆ ಅವಳ ಕಣ್ಣು ಕಿಟಕಿಯಾಚೆ ಪಾರ್ಕಿಂಗ್ ಕಡೆ ಹೋಗುತ್ತಿತ್ತು. ಅವನ ಹಸಿರು ಕಾರು ಕಂಡ ಕೂಡಲೆ ತಲೆ ತಗ್ಗಿಸಿ ಓದುತ್ತಿದ್ದವಳ ಹಾಗೆ ಕೂರುತ್ತಿದ್ದಳು. ಅವನಿಗೂ ಗೊತ್ತಿತ್ತು. ಯಾಕೆಂದರೆ ಅವನು ಮೂರಕ್ಕೇ ಬಂದು ಆ ಕಿಟಕಿ ಕಾಣುವ ರಸ್ತೆಯ ತಿರುವಿನಲ್ಲಿ ಕಾರು ನಿಲ್ಲಿಸಿಕೊಂಡು ಕೂತಿರುತ್ತಿದ್ದ.

ನಲವತ್ತೊಂದನ್ನು ಇಬ್ಬರೂ ಮುಟ್ಟಲಿಲ್ಲ. ಅದನ್ನು ಮುಗಿಸಿದರೆ ಮರುದಿನ ಬರಲು ಅವನಿಗೆ ನೆವ ಇರಲಿಲ್ಲ. ಅವಳ ಕಾರಣ ಬೇರೆ.

ಕೊರೀನ್‌ಳಿಗೆ ಬೆಲ್ ಫಾಲ್ಸ್‌ನಲ್ಲಿ ಒಂದು ಸ್ಥಾನವಿತ್ತು. ಆರು ವರ್ಷದ ಹಿಂದೆ, ಮದುವೆಗೆ ನಾಲ್ಕು ತಿಂಗಳಿರುವಾಗ, ರಸೆಲ್ ಎಂಬವನು ಮೀನು ಹಿಡಿಯುವ ಹಡಗಿನ ಕೆಲಸಕ್ಕೆಂದು ಅಲಾಸ್ಕಾಕ್ಕೆ ಹೋದ. ಎರಡು ಸೀಸನ್ ದುಡಿದು ಬರುತ್ತೇನೆ ಎಂದಿದ್ದ. ಅವಳ ಬೆರಳಲ್ಲಿ ಅವನ ಉಂಗುರ ಇನ್ನೂ ಇತ್ತು. ಲೂಥರನ್ ಚರ್ಚಿನ ಹೆಂಗಸರು ಭಾನುವಾರದ ಕಾಫಿಯ ಹೊತ್ತಿನಲ್ಲಿ ಅವಳ ಭುಜ ಮುಟ್ಟಿ, ನಿನ್ನಂಥವರು ಈಗೆಲ್ಲಿದ್ದಾರೆ ಎನ್ನುತ್ತಿದ್ದರು. ಕಾಯುವ ಹೆಣ್ಣನ್ನು ಊರು ತುಂಬ ಇಷ್ಟಪಡುತ್ತದೆ. ಅವಳಿಂದ ಯಾರಿಗೂ ತೊಂದರೆಯಿಲ್ಲ ನೋಡಿ.

ಆ ಮಾನದಂಡದ ಮೊದಲ ಸಾಲನ್ನು ಅವಳು ಬರೆದದ್ದೂ ರಸೆಲ್ ಹೋದ ವರ್ಷವೇ.

---

ಬುಧವಾರ ಉಳಿದದ್ದು ಅದೊಂದೇ. ಶುಕ್ರವಾರ ಮಧ್ಯಾಹ್ನ ಗಡುವು.

ಎರಡು ಅಂಕ ಉಳಿದರೆ ಈ ಮಗು ಫೇಲು, ಬೇಸಿಗೆಯೆಲ್ಲ ಕೂತು ಇದೇ ಪಾಠ ಮತ್ತೆ ಓದಬೇಕು ಎಂದು ಡೆಸ್ಮಂಡ್ ಶುರುಮಾಡಿದ. ಪುಸ್ತಕ ಅರ್ಥವಾಗದಿದ್ದರೆ ಮತ್ತೆ ಓದುವುದೇ ಒಳ್ಳೆಯದು ಎಂದಳು ಕೊರೀನ್. ಸಂಖ್ಯೆಯ ಹಿಂದಿನ ಕೈಬರಹ ಅವಳಿಗೆ ಗೊತ್ತಿತ್ತು. ಹಿಂದಿನ ಬೆಂಚಿನ ಜೋಲೀನ್ ಕೊಸ್ಕಿಯದು. ಗೊತ್ತಿದೆ ಎಂದು ಹೇಳುವ ಹಾಗಿಲ್ಲ, ಅದು ನಿಯಮ.

"ಅರ್ಥ ಆಗಿಲ್ವಾ? ಅರವತ್ತೆರಡರಲ್ಲಿ ಇದೊಂದೇ ಪುಸ್ತಕದ ಬಗ್ಗೆ ಇರೋದು. ಉಳಿದ ಅರವತ್ತೊಂದು ನಿಮ್ಮ ಪಾಠದ ಬಗ್ಗೆ ಇದೆ."

ಕೊರೀನ್‌ಳ ಮುಖ ಸುಟ್ಟಂತಾಯಿತು.

"ಮೂರನೇ ಪುಟ ಓದಿದ್ರಾ ನೀವು?"

"ಓದಿದೀನಿ" ಎಂದಳು. ಸುಳ್ಳು. ಮೊದಲ ಪ್ಯಾರಾ ಮುಗಿಯುವ ಮೊದಲೇ ಎರಡು ಎಂದು ಬರೆದು ಪತ್ರಿಕೆ ಮಗುಚಿದ್ದಳು. ಹನ್ನೊಂದು ವರ್ಷದಲ್ಲಿ ಹಾಗೆ ಮಾಡಿದ್ದು ಅದೇ ಮೊದಲು.

ಹಾಗಾದರೆ ಮೂರನೇ ಪುಟಕ್ಕೇ ಬರೋಣ ಎಂದ ಅವನು. ಬೇಡ ಎಂದಳು ಅವಳು. ಒಬ್ಬ ಹೆಂಗಸು ಇಪ್ಪತ್ತು ವರ್ಷ ಒಬ್ಬನಿಗಾಗಿ ದೀಪ ಹಚ್ಚಿದರೆ ಅದಕ್ಕೆ ಪ್ರೀತಿ ಎಂದಲ್ಲದೆ ಬೇರೇನು ಹೆಸರಿದೆ ಎಂದು ಕೇಳಿದಳು. ದನಿ ನಡುಗುತ್ತಿತ್ತು. ಅವನು ಅದನ್ನು ಗಮನಿಸಲಿಲ್ಲ. ವಾದಕ್ಕೆ ಬಿದ್ದ ಮೇಷ್ಟ್ರಿಗೆ ಎದುರಿಗಿರುವವರ ಮುಖ ಕಾಣುವುದು ಕಷ್ಟ.

"ಹೆದರಿಕೆ" ಎಂದ ಅವನು. "ಅಂಥವರನ್ನ ನಾನು ನೋಡಿದೀನಿ. ಕಾಯ್ತಿದೀನಿ ಅಂದ್ಬಿಟ್ರೆ ಬದುಕೋ ಕೆಲಸ ತಪ್ಪುತ್ತೆ. ಊರವರೂ ಅಯ್ಯೋ ಪಾಪ ಅಂತಾರೆ. ಸುಖವಾಗಿರುತ್ತೆ."

ಕೊರೀನ್ ಪೆನ್ನು ಕೆಳಗಿಟ್ಟಳು.

"ಯಾರು ಹೇಳಿದ್ರು ನಿಮಗೆ?"

"ಏನನ್ನ?"

"ನಾಟಕ ಬೇಡ. ಎರಡು ವಾರ ನಕ್ಕೊಂಡು, ನಾನು ಮಾಡಿದ್ದನ್ನ ತಿಂದ್ಕೊಂಡು... ಕೊನೆಗೆ ಇದನ್ನ ಮುಖಕ್ಕೆ ಹೇಳೋಕಾ ಬಂದಿದ್ದು?"

ಅವನು ಗಲಿಬಿಲಿಗೊಂಡು, ತಾನು ರೂತ್‌ಳ ಬಗ್ಗೆ ಮಾತಾಡುತ್ತಿದ್ದೇನೆ ಎಂದ. ಅವಳು ಅದನ್ನು ನಂಬುವ ಸ್ಥಿತಿಯಲ್ಲಿರಲಿಲ್ಲ. ಊರಿಗೆ ಊರೇ ಬಲ್ಲ ಸಂಗತಿ ಇವನೊಬ್ಬನಿಗೆ ಗೊತ್ತಿಲ್ಲದಿರುವುದು ಹೇಗೆ? ಎರಡು ಅಂಕ, ಬದಲಾಗುವುದಿಲ್ಲ, ನೀವಿನ್ನು ಹೊರಡಬಹುದು ಎಂದಳು.

ಅವನು ಹೋದ. ಹಸಿರು ಕಾರು ಎಷ್ಟು ಹೊತ್ತಿಗೆ ಹೊರಟಿತೋ ಅವಳು ನೋಡಲಿಲ್ಲ. ಮುಖ ಮುಚ್ಚಿಕೊಂಡು ಅಳುತ್ತಿದ್ದಳು. ಅವಳಿಗೇ ಆಶ್ಚರ್ಯವಾಗಿದ್ದು ಇದು: ಆ ಅಳುವಿನಲ್ಲಿ ರಸೆಲ್ ಎಲ್ಲೂ ಇರಲಿಲ್ಲ.

---

ಗುರುವಾರ ಪಾಠ ಮುಗಿದ ಮೇಲೆ ಬರ್ನಿಸ್ ತರಗತಿಗೆ ಬಂದು, ಕೇಳದೆಯೇ ಎದುರಿನ ಡೆಸ್ಕಿನ ಮೇಲೆ ಕೂತಳು.

"ಆ ಮೇಷ್ಟ್ರಿಗೆ ಏನು ಅಂದೆ ನೀನು?"

ಅವರೇನು ಅಂದರು ಎಂದು ಕೇಳು ಎಂದಳು ಕೊರೀನ್. ಅದನ್ನೂ ಕೇಳಿದೆ ಎಂದಳು ಬರ್ನಿಸ್. ನಿನ್ನೆ ಪಾರ್ಕಿಂಗ್‌ನಲ್ಲಿ ದಾರಿ ತಪ್ಪಿದವನ ಹಾಗೆ ನಿಂತಿದ್ದನಂತೆ. ಏನಾಯಿತು, ನಾನೇನು ತಪ್ಪು ಮಾತಾಡಿದೆ ಎಂದು ಬರ್ನಿಸ್‌ಳನ್ನೇ ಕೇಳಿದನಂತೆ. ಇವಳು ರಸೆಲ್‌ನ ಕತೆ ಹೇಳಿದಾಗ ಅವನ ಮುಖದಲ್ಲಿ ರಕ್ತವೇ ಇರಲಿಲ್ಲವಂತೆ.

"ಇಪ್ಪತ್ತು ನಿಮಿಷ ಕಾರಲ್ಲಿ ಕೂತಿದ್ದ ಕಣೇ, ಸ್ಟಾರ್ಟ್ ಮಾಡ್ದೆ. ಅವನಿಗೆ ಏನೇನೂ ಗೊತ್ತಿರಲಿಲ್ಲ. ಈ ಊರಲ್ಲಿ ನಿನ್ನ ಕತೆ ಗೊತ್ತಿಲ್ದೋನು ಒಬ್ಬ ಸಿಕ್ಕಿದ್ದ. ಅವನನ್ನೂ ಓಡಿಸ್ದೆ."

ಬರ್ನಿಸ್ ಎದ್ದು ಹೋದಳು. ಕೊರೀನ್ ಕೂತಲ್ಲೇ ಕೂತಳು. ಅಂದರೆ ಅವನು ಚುಚ್ಚಲಿಲ್ಲ... ಪುಸ್ತಕದ ಬಗ್ಗೆಯೇ ಹೇಳಿದ. ಚುಚ್ಚಿದ್ದರೆ ಎಷ್ಟೋ ಚೆನ್ನಾಗಿತ್ತು. ಆಗ ಕೋಪ ಮಾಡಿಕೊಂಡು ಸುಮ್ಮನಿರಬಹುದಿತ್ತು.

ಅಷ್ಟರಲ್ಲಿ ಜೋಲೀನ್ ಕೊಸ್ಕಿ ಪುಸ್ತಕ ವಾಪಸು ಕೊಡಲು ಬಂದಳು. ಹದಿನೇಳರ ಹುಡುಗಿ, ಉದ್ದ ಕೈಕಾಲು, ಮಾತು ಕಡಿಮೆ. ಪರೀಕ್ಷೆಯ ಬಗ್ಗೆ ಕೇಳುವ ಹಾಗಿರಲಿಲ್ಲ. ಪುಸ್ತಕ ಇಷ್ಟವಾಯಿತೇ ಎಂದಷ್ಟೇ ಕೇಳಿದಳು ಕೊರೀನ್.

"ಎರಡು ಸಲ ಓದಿದೆ, ಮಿಸ್."

"ಎರಡು ಸಲ ಯಾಕೆ?"

ಹುಡುಗಿ ಸ್ವಲ್ಪ ಹಿಂಜರಿದಳು. "ಮೊದಲನೇ ಸಲ ನೀವು ಹೇಳಿದ್ದೇ ಕಾಣಿಸ್ತಿತ್ತು. ಅದಕ್ಕೇ ಇನ್ನೊಂದ್ಸಲ ಓದಿದೆ. ಪೆನ್ಸಿಲಲ್ಲಿ ಗುರುತು ಹಾಕ್ಬಿಟ್ಟಿದೀನಿ... ಅಳಿಸ್ಬೇಕಿತ್ತಾ?"

ಬೇಡ, ಇರಲಿ ಎಂದಳು ಕೊರೀನ್.

ಬಾಗಿಲ ತನಕ ಹೋದ ಜೋಲೀನ್ ತಿರುಗಿದಳು. "ನಮ್ಮಣ್ಣ ಸೇನೆಯಲ್ಲಿ ಇದ್ದಾಗ ನಮ್ಮಮ್ಮ ಸಿಕ್ಕಸಿಕ್ಕೋರನ್ನೆಲ್ಲ ಕೇಳ್ತಿದ್ರು, ಮಿಸ್. ಪೋಸ್ಟ್‌ನವ್ರನ್ನ, ಚರ್ಚಲ್ಲಿ ಬೇರೆ ಹುಡುಗರ ತಾಯಂದಿರನ್ನ. ನಂಗೆ ನಾಚಿಕೆ ಆಗ್ತಿತ್ತು, ಅಷ್ಟು ಕೇಳ್ತಿದ್ರು. ಕಾಯೋರು ಕೇಳ್ತಾರೆ."

ಅವಳು ಹೋದ ಮೇಲೆ ಕೊರೀನ್ ನಲವತ್ತೊಂದನೆಯ ಪತ್ರಿಕೆ ತೆಗೆದು ಮೊದಲಿನಿಂದ ಕೊನೆಯವರೆಗೆ ಓದಿದಳು. ಮೂರನೇ ಪುಟದಲ್ಲಿ ಹೀಗಿತ್ತು: ಕಾದಂಬರಿಯಲ್ಲಿ ಇಪ್ಪತ್ತೇಳು ದೋಣಿಗಳು ಪಶ್ಚಿಮದಿಂದ ಕಟ್ಟೆಗೆ ಬರುತ್ತವೆ. ಇಳಿದವರಿಗೆ ರೂತ್ ಕಾಫಿ ಕೊಡುತ್ತಾಳೆ, ದರ ಹೇಳುತ್ತಾಳೆ, ಹವೆಯ ಬಗ್ಗೆ ಮಾತಾಡುತ್ತಾಳೆ. ಕೇಲೆಬ್‌ನನ್ನು ಕಂಡಿರಾ ಎಂದು ಒಬ್ಬರನ್ನೂ, ಒಮ್ಮೆಯೂ ಕೇಳುವುದಿಲ್ಲ. ಅವನು ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಲಾಟೀನು ಅವನಿಗಾಗಿ ಅಲ್ಲ, ಊರಿಗಾಗಿ.

ಕೊರೀನ್ ಪುಸ್ತಕ ತೆರೆದಳು. ಪೆನ್ಸಿಲ್ ಗುರುತುಗಳನ್ನು ಒಂದೊಂದಾಗಿ ನೋಡಿದಳು. ಇಪ್ಪತ್ತೇಳು ದೋಣಿ. ಹುಡುಗಿ ಒಂದನ್ನೂ ತಪ್ಪು ಎಣಿಸಿರಲಿಲ್ಲ. ಹನ್ನೊಂದು ವರ್ಷ ಪಾಠ ಹೇಳಿದವಳಿಗೆ ಕಾಣದ್ದು ಅದು.

ಕಾಣದೆ ಏನು... ಕಂಡರೆ ಕಷ್ಟವಿತ್ತು.

ರಸೆಲ್‌ನ ಅಣ್ಣ ಇದೇ ಊರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ. ವಾರಕ್ಕೊಮ್ಮೆಯಾದರೂ ಎದುರು ಸಿಗುತ್ತಿದ್ದ. ರಸೆಲ್ ಹೇಗಿದ್ದಾನೆ ಎಂದು ಕೊರೀನ್ ಅವನನ್ನು ಕೇಳಿ ಮೂರು ವರ್ಷವಾಗಿತ್ತು. ಮೂರು ವರ್ಷದ ಹಿಂದಿನ ಕ್ರಿಸ್‌ಮಸ್ಸಿಗೆ ಅಲಾಸ್ಕಾದಿಂದ ಒಂದು ಕಾರ್ಡು ಬಂದಿತ್ತು. ರಸೆಲ್, ಅವನ ಹೆಂಡತಿ, ತೊಡೆಯ ಮೇಲೊಂದು ಕೂಸು, ಮೂವರಿಗೂ ಒಂದೇ ಥರದ ಕೆಂಪು ಸ್ವೆಟರು. ಅದನ್ನು ಅವಳು ಒಲೆಗೆ ಹಾಕಿದಳು. ಮರು ಭಾನುವಾರ ಚರ್ಚಿನಲ್ಲಿ ಯಾರೋ ಭುಜ ಮುಟ್ಟಿದಾಗ, ಈ ವರ್ಷ ಬರಬಹುದು ಎಂದಳು. ಅಣ್ಣನೂ ನಾಚಿಕೆಗೆ ಬಾಯಿ ಬಿಡಲಿಲ್ಲ.

ಒಂದು ಮಗುವನ್ನು ಅವಳು ಫೇಲು ಮಾಡಹೊರಟದ್ದು ಆ ಕಾರ್ಡನ್ನು ಮುಚ್ಚಿಡುವುದಕ್ಕೆ. ಇದನ್ನು ತನಗೆ ತಾನೇ ಹೇಳಿಕೊಂಡಾಗ ಕೊರೀನ್‌ಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

---

ಶುಕ್ರವಾರ ಬೆಳಿಗ್ಗೆ ಅವಳು ಅರ್ಧ ದಿನ ರಜೆ ಬರೆದು ಕ್ರೇನ್ ಲೇಕ್‌ಗೆ ಹೊರಟಳು. ಫೋನು ಮಾಡಬಹುದಿತ್ತು. ಎತ್ತದಿದ್ದರೆ ಎಂಬ ಭಯ.

ಹತ್ತೂವರೆಗೆ ಅವನ ತರಗತಿ ಖಾಲಿಯಿತ್ತು. ಅವನು ಬೋರ್ಡು ಒರೆಸುತ್ತಿದ್ದ. ಅವಳನ್ನು ಕಂಡು ಕೈ ಹಾಗೇ ನಿಂತಿತು. ಬುಧವಾರದ ಮಾತಿಗೆ ಕ್ಷಮೆ ಕೇಳಲು ಎರಡು ಸಲ ಕಾಗದ ಬರೆದೆ, ಎರಡನ್ನೂ ಹರಿದೆ ಎಂದ.

ಕ್ಷಮೆ ಕೇಳಬೇಡಿ ಎಂದಳು ಕೊರೀನ್. ಪತ್ರಿಕೆಯನ್ನು ಮೇಜಿನ ಮೇಲಿಟ್ಟಳು.

"ನಾನು ಇದನ್ನ ಓದದೇ ಎರಡು ಕೊಟ್ಟೆ. ನಿನ್ನೆ ಓದಿದೆ."

ಅವಳೇ ಮುಂದುವರಿಸಿದಳು, ನಿಂತೇ, ಅವನ ಮುಖ ನೋಡದೆ.

"ರಸೆಲ್‌ಗೆ ಮದುವೆ ಆಗಿದೆ. ಮಗು ಇದೆ. ನಂಗೆ ಗೊತ್ತಾಗಿ ಮೂರು ವರ್ಷ ಆಯ್ತು. ಯಾರಿಗೂ ಹೇಳಿಲ್ಲ. ಈ ಮಾತನ್ನ ನನ್ನ ಬಾಯಿಂದ ನಾನೇ ಕೇಳ್ತಿರೋದು ಇದೇ ಮೊದಲು."

ಹೇಳಿಬಿಟ್ಟಮೇಲೆ ಹಗುರಾಗುತ್ತದೆ ಎನ್ನುತ್ತಾರಲ್ಲ, ಅವಳಿಗೆ ಹಾಗೇನೂ ಆಗಲಿಲ್ಲ. ಬಾಯಿ ಕಹಿಯಾಯಿತು. ಅವನು ಕುರ್ಚಿ ಕೊಟ್ಟ. ಭುಜ ಮುಟ್ಟಲಿಲ್ಲ. ಅದಕ್ಕಾಗಿ ಅವಳು ಮನಸ್ಸಿನಲ್ಲೇ ಅವನಿಗೆ ಋಣಿಯಾದಳು.

ಆಮೇಲೆ ಡೆಸ್ಮಂಡ್ ತನ್ನ ಕತೆ ಹೇಳಿದ.

"ನಾನು ಕೇಲೆಬ್ ಜಾತಿಯವನು. ಹೋದೆ, ಆದ್ರೆ ವಾಪಸ್ ಬಂದೆ. ಐದು ವರ್ಷ ಆದ್ಮೇಲೆ. ಅವಳು ಕಾದಿದ್ಲು. ಕಾದಿದಾಳಲ್ಲ ಅಂತ ಮದುವೆ ಆದೆ. ಅವಳು ಕಾದಿದ್ದು ಯಾರಿಗೋ, ಬಂದೋನು ಯಾರೋ. ಎಂಟೇ ತಿಂಗಳು ಜೊತೆಗಿದ್ವಿ. ಬುಧವಾರ ನಾನು ಬೈದಿದ್ದು ಅವಳನ್ನ. ಬೈಬೇಕಾಗಿದ್ದು ನನ್ನನ್ನ."

ಅವಳು ಈಗೆಲ್ಲಿದ್ದಾಳೆ ಎಂದು ಕೊರೀನ್ ಕೇಳಿದಳು. ಗೊತ್ತಿಲ್ಲ, ಕೇಳುವ ಹಕ್ಕು ನನಗಿಲ್ಲ ಎಂದ ಅವನು. ಹೊರಗೆ ಗಂಟೆ ಹೊಡೆಯಿತು, ಮಕ್ಕಳ ಗದ್ದಲ ಕಾರಿಡಾರಿನಲ್ಲಿ ಬಂದು ಹೋಯಿತು.

ಐದು ಸಾಕೇ ಎಂದು ಅವಳು ಕೇಳಿದಳು. ಅವನು ಸಾಲದೆಂದು ತಲೆಯಾಡಿಸಿ, ಕಾಗುಣಿತದ ತಪ್ಪು ಮೂರಿವೆ, ಆದರೂ ಆರು ಎಂದ. ಅವಳು ಆರು ಎಂದು ಬರೆದಳು. ಇಬ್ಬರೂ ಸಹಿ ಹಾಕಿದರು. ಅವನು ಅದನ್ನು ಕಚೇರಿಗೆ ಒಯ್ದು ಜಿಲ್ಲಾ ಕಚೇರಿಗೆ ಕಳಿಸಿ ಬಂದ. ಹನ್ನೊಂದೂಕಾಲು.

ಮಾನದಂಡದ ಮೊದಲ ಸಾಲನ್ನು ಅಳಿಸಬೇಕು ಎಂದಳು ಕೊರೀನ್. ಊರಿಗೂ ಹೇಳಬೇಕು, ಈ ಭಾನುವಾರವೇ. ಯಾರೂ ಭುಜ ಮುಟ್ಟಲಾರರು. ಮೂರು ವರ್ಷ ನಮ್ಮನ್ನು ಮೂರ್ಖರನ್ನಾಗಿ ಮಾಡಿದಳು ಎನ್ನುತ್ತಾರೆ, ಅದು ನಿಜವೂ ಹೌದು. ಉಂಗುರ ತೆಗೆಯಲು ನೋಡಿದಳು. ಬೆರಳು ಊದಿಕೊಂಡು ಗಂಟಿನ ಹತ್ತಿರ ಸಿಕ್ಕಿಕೊಂಡಿತ್ತು. ಸೋಪು ಬೇಕು ಎಂದು ಕೈ ಕೆಳಗಿಟ್ಟಳು.

ಡೆಸ್ಮಂಡ್ ಅವಳನ್ನೇ ನೋಡುತ್ತಿದ್ದ.

"ಇನ್ನು ಪತ್ರಿಕೆ ಉಳಿದಿಲ್ಲ" ಎಂದ.

"ಇಲ್ಲ."

"ಸೋಮವಾರ ಮೂರೂವರೆಗೆ ಬರೋಕೆ ನಂಗೆ ಕಾರಣ ಇಲ್ಲ. ಆದ್ರೂ ಬರಬೇಕು ಅಂತಿದೆ. ನಿಮ್ಮನ್ನ ನೋಡದೆ ಈ ಎರಡು ದಿನ ಇದ್ದದ್ದು... ಚೆನ್ನಾಗಿರಲಿಲ್ಲ, ಕೊರೀನ್. ನಿಮ್ಮನ್ನ ಪ್ರೀತಿಸ್ತಿದೀನಿ ಅಂತ ಹೇಳೋಕೆ ಇದು ಹೊತ್ತಲ್ಲ, ಗೊತ್ತು. ನಿಮಗೆ ಸಮಯ ಬೇಕು. ಈ ಬೇಸಿಗೆ ಕಳೀಲಿ, ಆಗ ಬರ್ತೀನಿ."

ಆಗ ಬರ್ತೀನಿ. ಒಳ್ಳೆಯ ಮನಸ್ಸಿನಿಂದಲೇ ಆಡಿದ ಮಾತು. ರಸೆಲ್ ಆಡಿದ್ದೂ ಒಳ್ಳೆಯ ಮನಸ್ಸಿನಿಂದಲೇ.

"ಬೇಡ" ಎಂದಳು. "ಯಾವಾಗಲೋ ಬರ್ತೀನಿ ಅಂತ ನಂಗೆ ಹೇಳ್ಬೇಡಿ. ನಾನು ಇನ್ನು ಯಾರಿಗೂ ಕಾಯಲ್ಲ. ನಿಮಗೂ."

ಅವನ ಮುಖ ಕಳೆಗುಂದಿತು. ಸರಿ ಎಂದು ತಲೆಯಾಡಿಸಿದ. ಅವಳಿಗೆ ಎದ್ದು ಬಾಗಿಲವರೆಗೆ ಹೋಗುವಷ್ಟೇ ಧೈರ್ಯ ಇದ್ದಂತಿತ್ತು. ಹೋಗಿ, ಅಲ್ಲೇ ನಿಂತಳು.

"ಬರೋದಾದ್ರೆ ಇವತ್ತು ಬನ್ನಿ. ಶುಕ್ರವಾರ ಸಂಜೆ ನಮ್ಮೂರ ಕೆರೆ ಹತ್ರದ ಹೋಟೆಲಲ್ಲಿ ಮೀನು ಹುರೀತಾರೆ. ಊರವರೆಲ್ಲ ಅಲ್ಲೇ ಇರ್ತಾರೆ. ಅವರ ಎದುರಿಗೆ ನನ್ನ ಜೊತೆ ಕೂತು ತಿನ್ನೋ ಧೈರ್ಯ ಇದ್ರೆ ಬನ್ನಿ."

"ಇದೆ" ಎಂದ ಅವನು ತಡಮಾಡದೆ. ಆಮೇಲೆ ಗಡಿಯಾರ ನೋಡಿ ಕಂಗಾಲಾದ. "ಆದ್ರೆ ನಂಗೆ ಎರಡು ಗಂಟೆ ತನಕ ಕ್ಲಾಸಿದೆ. ಅಲ್ಲಿ ತನಕ ನೀವು..."

"ನಾನು ಕಾಯಲ್ಲ ಅಂದ್ನಲ್ಲ."

ಅವಳು ಬರ್ನಿಸ್‌ಗೆ ಫೋನು ಮಾಡಿ, ಉಳಿದರ್ಧ ದಿನವೂ ರಜೆ ಎಂದು ಹೇಳಿದಳು. ಆಚೆಯಿಂದ ಬರ್ನಿಸ್ ಏನೋ ಅಂದಳು, ಕೊರೀನ್‌ಳ ಕೆನ್ನೆ ಕೆಂಪಾಯಿತು. ಫೋನು ಇಟ್ಟು, ಸಾಲುಗಳ ನಡುವೆ ನಡೆದು, ಹಿಂದಿನ ಬೆಂಚಿನಲ್ಲಿ ಕಿಟಕಿಯ ಪಕ್ಕ ಕೂತಳು.

"ಪಾಠ ಶುರು ಮಾಡಿ, ಮೇಷ್ಟ್ರೇ" ಎಂದಳು. "ಕೇಳೋಕೆ ಬಂದಿದೀನಿ. ಚೆನ್ನಾಗಿಲ್ದಿದ್ರೆ ಮಧ್ಯದಲ್ಲೇ ಎದ್ದು ಹೋಗ್ತೀನಿ."

"ಹೋಗಬೇಡಿ" ಎಂದ ಡೆಸ್ಮಂಡ್, ಮೆಲ್ಲಗೆ.

ಮಕ್ಕಳು ಒಳಗೆ ಬರತೊಡಗಿದರು.